ಪತ್ತಿನ ಸಂಘದ ‘ಪತ್ತು’ ಅಂದರೆ ಏನು?

ಚಿಕ್ಕೋಡಿ ಕಡೆಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಠೇವಣಿಗೆ ಬಡ್ಡಿ ಎಷ್ಟು ಅನ್ನೋದು ಬಿಟ್ಟರೆ ಜನ ಜಾಸ್ತಿ ಕೇಳುವುದು ಇದನ್ನೇ: “ಸರ್, ಬೋರ್ಡಿನ ಮ್ಯಾಲ ಬರದೀರಲ್ಲ, ಈ ಪತ್ತು ಅಂದ್ರ ಏನ್ರಿ?”

ಹಳಗನ್ನಡ ಗೊತ್ತಿದ್ದವರು ತಾವೇ ಉತ್ತರ ಹೇಳಿಬಿಡುತ್ತಾರೆ. ಹಳೆಯ ಪಾಲು ಈಗ ಹಾಲಾದಂತೆ ಪತ್ತು ಹತ್ತಾಯಿತು, ಹತ್ತು ಜನ ಸೇರಿ ಕಟ್ಟಿದ್ದು ಪತ್ತಿನ ಸಂಘ! ಇಂಥ ಸಂಘಗಳಿಗಾಗಿ ಬ್ರಿಟಿಷರು ತಂದ 1904ರ ಕಾಯ್ದೆಯಲ್ಲಿ ಸಂಘ ಕಟ್ಟಲು ಹತ್ತು ಜನ ಬೇಕಿತ್ತು ಅನ್ನೋದೂ ನಿಜ. ಆದರೆ ಈ ಪತ್ತು ಆ ಪತ್ತಲ್ಲ.

ಬೆಳಗಾವಿ ಪೇಟೆಯಲ್ಲಿ ತಲೆ ಎತ್ತಿ ನೋಡಿ. ಕನ್ನಡ ಬೋರ್ಡಿನಲ್ಲಿ ಪತ್ತಿನ ಸಂಘ, ಮರಾಠಿ ಬೋರ್ಡಿನಲ್ಲಿ ಪತಸಂಸ್ಥಾ. ಮರಾಠಿಯ ‘ಪತ’ ಅಂದರೆ ಪೇಟೆಯಲ್ಲಿ ಒಬ್ಬರಿಗೆ ಇರುವ ಹೆಸರು, ನಂಬಿಕೆ. ನಮ್ಮ ಪತ್ತೂ ಅದೇ. ಇಂಗ್ಲಿಷಿನ ಕ್ರೆಡಿಟ್ ಹುಟ್ಟಿದ್ದೂ ‘ನಂಬು’ ಅನ್ನುವ ಲ್ಯಾಟಿನ್ ಮಾತಿನಿಂದ.

ಪತ್ತು ಅಂದರೆ ಸಾಲ ಅಂತ ತಿಳಿದವರೇ ಬಹಳ. ಆದರೆ ಕಿರಾಣಿ ಅಂಗಡಿಯವರು ಕೊಡುವ ಸಾಲ ಉದ್ರಿ. ಉದ್ರಿ ಕೊಡಲು ಅವರಿಗೆ ಧೈರ್ಯ ಬರುವುದು ನಿಮ್ಮ ಪತ್ತು ನೋಡಿ.

ಸಂಘಕ್ಕೆ ಈ ಹೆಸರು ಸುಮ್ನೆ ಬಂದದ್ದಲ್ಲ. ಬ್ರಿಟಿಷರ ಕಾಲ, ಆಗ ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿತ್ತು. ಸಣ್ಣ ರೈತ ಸಾಲಕ್ಕೆ ಸಾವುಕಾರನ ಬಾಗಿಲಿಗೇ ಹೋಗಬೇಕು. ಒಬ್ಬೊಬ್ಬರೇ ಹೋದರೆ ಬ್ಯಾಂಕಿನಲ್ಲಿ ಯಾರು ನಂಬುತ್ತಾರೆ? ಜರ್ಮನಿಯ ಹಳ್ಳಿಗಳಲ್ಲಿ ಇಂಥ ಸಂಘ ಕಟ್ಟಿದ ರೈಫೈಸೆನ್ ಇದಕ್ಕೊಂದು ಉಪಾಯ ಹುಡುಕಿದ್ದ: ಊರಿನವರು ಒಬ್ಬರಿಗೊಬ್ಬರು ಹೊಣೆ ನಿಲ್ಲುವುದು. 1904ರ ಕಾಯ್ದೆ ಹಳ್ಳಿಯ ಸಂಘಗಳಿಗೆ ಅದನ್ನೇ ತಂದಿತು. ಹೊಣೆಗೆ ಮಿತಿಯೇ ಇರಲಿಲ್ಲ. ಸಂಘ ಮುಳುಗಿದರೆ ಅದರ ಸಾಲ ಸದಸ್ಯರ ಆಸ್ತಿಯ ಮೇಲೂ ಬರುವಂತಿತ್ತು. ಬಿಗಿ ಆಯ್ತು, ಅಲ್ವಾ? ಆದರೆ ಅದರಲ್ಲೇ ಜಾಣತನ ಇತ್ತು. ಯಾರ ಹೊಲದ ಬಾವಿ ಬತ್ತಿದೆ, ಯಾರು ಸಂಜೆಯಾದರೆ ಇಸ್ಪೀಟಿಗೆ ಕೂರುತ್ತಾರೆ ಅನ್ನೋದು ಪಕ್ಕದ ಮನೆಯವರಿಗೆ ಗೊತ್ತಿರದೆ ಇರುತ್ತಾ? ಬೇರೆ ಬಗೆಯ ಸಹಕಾರಿ ಸಂಘಗಳಿಗೆ ಕಾನೂನು ದಾರಿ ಮಾಡಿದ್ದು 1912ರಲ್ಲಿ. ಅಲ್ಲಿಯವರೆಗೆ ಪತ್ತಿನ ಸಂಘಗಳದ್ದೇ ಕಾಯ್ದೆ.

ಈಗಿನ ಹುಡುಗರಿಗೆ ನಾನು ಹೇಳುವುದು ಇಷ್ಟು: ಹಿಂದಿನ ಸಾಲ ಹೇಗೆ ತೀರಿಸಿದ್ದೀರಿ ಅಂತ ನೋಡಿ ಕೊಡುವ ನಿಮ್ಮ ಸಿಬಿಲ್ ಸ್ಕೋರ್ ಇದೆಯಲ್ಲ, 300ರಿಂದ 900ರವರೆಗೆ, ಅದೂ ಪತ್ತೇ. ಅಂಕಿಯಲ್ಲಿ ಬರೆದ ಪತ್ತು. ಕಿರಾಣಿ ಅಂಗಡಿಯ ಉದ್ರಿಯನ್ನು ತಿಂಗಳು ತಿಂಗಳು ತಪ್ಪದೆ ತೀರಿಸಿದ್ದು ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿಯೇ ನಮ್ಮ ಸಂಘದಲ್ಲಿ ಸ್ಕೋರ್ ನೋಡಿದ ಮೇಲೂ ಅರ್ಜಿಯ ಕೆಳಗೆ ಇಬ್ಬರು ಸದಸ್ಯರ ಜಾಮೀನು ಸಹಿ ಕೇಳುತ್ತೇವೆ.