ಸೊನ್ನೆಗೆ ಇಳಿಯದ ಮೀಟರ್

ರಾಯಚೂರು
9 ಏಪ್ರಿಲ್ 2025, ಬುಧವಾರ ರಾತ್ರಿ

ನನ್ನ ವಿದ್ಯಾರ್ಥಿನಿ ರೇಣುಕಾ ಇವತ್ತು ಫಿಸಿಕ್ಸ್ ಲ್ಯಾಬ್‌ನಲ್ಲಿ ಅಟೆಂಡರ್ ಬಸಣ್ಣನ ಜೊತೆ ಜಗಳಕ್ಕೆ ನಿಂತಿದ್ದಳು. "ಎಲ್ಲಾರೂ ಸೊನ್ನಿ ಅಂತ ಬರದಾರ, ನೀನೂ ಬರಿಯವ್ವ, ಮಾನ್ವಿ ಬಸ್ಸಿಗೆ ಹೊತ್ತಾತು" ಅಂತ ಆತ. "ಮೀಟರ್ ನೂರೈವತ್ತು ತೋರಸ್ತದ, ಸೊನ್ನಿ ಹ್ಯಾಂಗ ಬರೀಲಿ ಅಣ್ಣ?" ಅಂತ ಈಕೆ. ನಾನು ಪಕ್ಕದ ರೂಮಿನಲ್ಲಿ ಇಂಟರ್ನಲ್ ಅಂಕ ಕೂಡಿಸುತ್ತಾ ಕೂತಿದ್ದೆ. ನೂರೈವತ್ತು ಅಂದದ್ದು ಕಿವಿಗೆ ಬಿದ್ದಿದ್ದೇ ಎದ್ದು ಬಂದೆ.

ಪ್ರಯೋಗ ಸರಳ. ಒಂದು ತಂತಿ ಉರಿಯುವ ಬಲ್ಬ್, ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನಷ್ಟೇ ಬಿಡುವ ಎರಡು ಪೋಲರಾಯ್ಡ್ ಹಾಳೆ, ಕೊನೆಗೆ ಬೆಳಕು ಅಳೆಯುವ ಫೋಟೋಡಯೋಡ್. ಒಂದು ಹಾಳೆಯನ್ನು ತಿರುಗಿಸುತ್ತಾ ಹೋದರೆ ಬೆಳಕು ಕೋನದ ಕೊಸೈನ್ ವರ್ಗದಂತೆ ಇಳಿಯಬೇಕು. 45 ಡಿಗ್ರಿಗೆ ಅರ್ಧ, 60ಕ್ಕೆ ಕಾಲು, 90ಕ್ಕೆ ಸೊನ್ನೆ. ಇದು ಮಾಲಸ್ ನಿಯಮ. ರೇಣುಕಾಳ ಹಾಳೆಯಲ್ಲಿ ಇದ್ದದ್ದೇ ಬೇರೆ. ಶುರುವಿನಲ್ಲಿ 200 ಮೈಕ್ರೋ ಆಂಪಿಯರ್, 45ಕ್ಕೆ 175, 90ಕ್ಕೆ 150. ಅಲ್ಲಿಂದ ಕೆಳಗೆ ಮುಳ್ಳು ಜಪ್ಪಯ್ಯ ಅಂದರೂ ಇಳಿಯುತ್ತಿಲ್ಲ. ಹಾಳೆಗಳ ಮೂಲಕ ಬಗ್ಗಿ ನೋಡಿದೆ. ಕಡುಗತ್ತಲು. ಬಲ್ಬ್ ಹತ್ತಿದೆಯೋ ಇಲ್ಲವೋ ಅಂತಲೂ ಗೊತ್ತಾಗದಷ್ಟು ಕತ್ತಲು.

"ಮೀಟರ್ ಕೆಟ್ಟಿಲ್ರಿ ಮೇಡಂ. ಬಲ್ಬ್ ಆರಿಸಿದ್ರ ಸೊನ್ನೀಗೆ ಬರ್ತದ" ಅಂದಳು. ನಾನು ಕೇಳುವ ಮೊದಲೇ ಅದನ್ನು ನೋಡಿಟ್ಟಿದ್ದಾಳೆ! ನನಗೆ ಎಷ್ಟು ಖುಷಿಯಾಯಿತು ಅಂದ್ರೆ, ಬಸಣ್ಣನಿಗೆ ಚಹಾ ತರಲು ಕಳಿಸಿ ನಾನೂ ಸ್ಟೂಲ್ ಎಳೆದುಕೊಂಡು ಕೂತೆ.

ಹೊರಗಿನ ಬೆಳಕು ನುಗ್ಗುತ್ತಿದೆಯಾ ಅಂತ ಕಿಟಕಿ ಮುಚ್ಚಿ, ಕಪ್ಪು ಬಟ್ಟೆ ಹೊದಿಸಿದೆವು. ರಾಯಚೂರಿನ ಏಪ್ರಿಲ್‌ನಲ್ಲಿ ಕಿಟಕಿ ಮುಚ್ಚಿ, ಉರಿಯುವ ಬಲ್ಬಿನ ಪಕ್ಕ ಕೂರೋದು ಅಂದ್ರೆ ಏನು ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ರೀಡಿಂಗ್ ಮಾತ್ರ ಅಲ್ಲಾಡಲಿಲ್ಲ. ಕೋನದ ಗುರುತು ಜಾರಿದೆಯಾ ಅಂತ ಪೂರ್ತಿ ಸುತ್ತು ತಿರುಗಿಸಿದೆವು. 90ರಲ್ಲಿ ಕಡಿಮೆ, 270ರಲ್ಲಿ ಮತ್ತೆ ಅಷ್ಟೇ ಕಡಿಮೆ. ಅಲ್ಲಿಗೆ ಕೋನವೂ ಸರಿಯೇ ಇತ್ತು.

ಆಮೇಲೆ ಅವಳಿಗೆ ಗ್ರಾಫ್ ಹಾಕಲು ಹೇಳಿದೆ. ಕೋನಕ್ಕಲ್ಲ, ಕೊಸೈನ್ ವರ್ಗಕ್ಕೆ. ಚುಕ್ಕಿಗಳು ನೂಲು ಹಿಡಿದ ಹಾಗೆ ನೆಟ್ಟಗೆ ಕೂತವು. ಗೆರೆ ಮಾತ್ರ ಮೂಲಬಿಂದುವಿಗೆ ಬರದೆ ಮೇಲೆ 150ರಲ್ಲಿ ಹೋಗಿ ನಿಂತಿತು.

"ಹಂಗಾರ ಮಾಲಸ್ ನಿಯಮ ತಪ್ಪೇನ್ರಿ ಮೇಡಂ?"

"ತಪ್ಪಾಗಿದ್ರೆ ಗೆರೆ ನೆಟ್ಟಗೆ ಬರ್ತಿರಲಿಲ್ಲಮ್ಮ. 50 ಪಾಲು ಹೇಳಿದ ಮಾತು ಕೇಳ್ತಿದೆ. ಉಳಿದ 150 ಪಾಲು ಪೋಲರಾಯ್ಡ್ ಇದೆ ಅನ್ನೋದನ್ನೇ ಲೆಕ್ಕಕ್ಕೆ ತಗೊಂಡಿಲ್ಲ."

"ಅದೂ ಬಲ್ಬಿಂದನ ಬರ್ತದಲ್ರಿ?"

"ಹೌದು. ಆದ್ರೆ ನಮ್ಮ ಕಣ್ಣಿಗೆ ಕಾಣಲ್ಲ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಾನೂ ಬಾಯಿ ಬಿಡಲಿಲ್ಲ. ಇಂಥ ಹೊತ್ತಲ್ಲಿ ಉತ್ತರ ಹೇಳಿಬಿಡೋದು ಮೇಷ್ಟ್ರುಗಳಿಗೆ ಇರೋ ಕೆಟ್ಟ ಚಟ. ಅಷ್ಟರಲ್ಲಿ ಬಸಣ್ಣ ಚಹಾ ಇಡುತ್ತಾ, "ಹಳೇ ಸೆಲ್ ಇದ್ದಾಗ ಛಂದ್ ಬರ್ತಿತ್ತು ನೋಡ್ರಿ, ಈ ಹೊಸ ಡಬ್ಬಿ ಬಂದಾಗಿಂದ ಇದ ಹಣೆಬರಾ" ಅಂದ. ಇಡೀ ಮಧ್ಯಾಹ್ನದ ಅತಿ ಮುಖ್ಯ ಮಾತು ಆತನ ಬಾಯಿಂದ ಬಂತು.

ಹಳೆಯದು ಸೆಲೆನಿಯಂ ಸೆಲ್. ಅದು ಹೆಚ್ಚುಕಡಿಮೆ ನಮ್ಮ ಕಣ್ಣಿನ ಹಾಗೆಯೇ, ಕೆಂಪು ದಾಟಿದ ಮೇಲೆ ಅದಕ್ಕೂ ಏನೂ ಕಾಣಲ್ಲ. ಹೊಸ ಕಿಟ್‌ನಲ್ಲಿರೋದು ಸಿಲಿಕಾನ್. ಅದಕ್ಕೆ ಅತಿ ಚುರುಕಾಗಿ ಕಾಣುವುದೇ 900 ನ್ಯಾನೋಮೀಟರ್ ತರಂಗದ ಆಸುಪಾಸಿನ ಇನ್‌ಫ್ರಾರೆಡ್, ಅಂದರೆ ಕೆಂಪಿನಾಚೆಯ ಕಾಣದ ಬೆಳಕು. ಬಲ್ಬ್ ಹೊರಹಾಕುವ ಶಕ್ತಿಯಲ್ಲಿ ಕಣ್ಣಿಗೆ ಕಾಣುವ ಬೆಳಕು ಹತ್ತನೇ ಒಂದು ಪಾಲೂ ಇರುವುದಿಲ್ಲ, ಬಹುಪಾಲು ಇನ್‌ಫ್ರಾರೆಡ್ಡೇ. ಪೋಲರಾಯ್ಡ್ ಅಂದರೆ ಅಯೋಡಿನ್ ಹೀರಿಸಿ ಎಳೆದ ಪ್ಲಾಸ್ಟಿಕ್ ಹಾಳೆ. ಕಣ್ಣಿಗೆ ಕಾಣುವ ಬೆಳಕನ್ನು ಚೆನ್ನಾಗಿ ತಡೆಯುತ್ತದೆ, 800 ನ್ಯಾನೋಮೀಟರ್ ದಾಟಿದರೆ ಅದರ ಆಟ ನಡೆಯುವುದಿಲ್ಲ. ಮೂರೂ ಬೇರೆ ಬೇರೆಯಾಗಿ ನಮಗೆ ಗೊತ್ತಿರುವ ವಿಷಯವೇ. ಒಂದೇ ಬೆಂಚಿನ ಮೇಲೆ ಸೇರಿದಾಗ ಯಾರಿಗೂ ಹೊಳೆಯುವುದಿಲ್ಲ.

ಬಾಯಿಮಾತಲ್ಲಿ ಹೇಳಿದರೆ ಸಾಲದು ಅನಿಸಿ ಪ್ರೊಜೆಕ್ಟರ್ ರಿಮೋಟ್ ತರಿಸಿದೆ. ಅದರ ಮೂತಿಗೆ ಎರಡೂ ಹಾಳೆಗಳನ್ನು ಅಡ್ಡಡ್ಡ ಹಿಡಿದು, ಮೊಬೈಲ್‌ನ ಸೆಲ್ಫಿ ಕ್ಯಾಮೆರಾದಲ್ಲಿ ನೋಡು ಅಂದೆ. ಕಣ್ಣಿಗೆ ಹಾಳೆ ಕಪ್ಪು ತಗಡಿನ ಹಾಗಿದೆ. ಸ್ಕ್ರೀನ್ ಮೇಲೆ ಅದೇ ಕಪ್ಪಿನ ನಡುವೆ ನೇರಳೆ ಮಿಶ್ರಿತ ಬಿಳಿ ಚುಕ್ಕಿ ಪಟಪಟ ಮಿನುಗುತ್ತಿದೆ. ಹಾಳೆ ತಿರುಗಿಸಿದಳು. ಚುಕ್ಕಿ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. "ಅಯ್ಯ, ಇದಕ್ಕ ಹಾಳಿ ಇದ್ದರೇನು, ಬಿಟ್ಟರೇನು!" ಅಂದಳು. ಬಸಣ್ಣನೂ ಕನ್ನಡಕ ಏರಿಸಿ ಬಗ್ಗಿ ನೋಡಿದ.

ಕೊನೆಗೆ ಬಲ್ಬ್ ತೆಗೆದು ಹಸಿರು ಎಲ್‌ಇಡಿ ಹಾಕಿದೆವು. ಮೊದಲು 40, 60 ಡಿಗ್ರಿಗೆ 10, 90ಕ್ಕೆ ಒಂದಕ್ಕಿಂತ ಕಡಿಮೆ. ಕೆಂಪು ಲೇಸರ್ ಇಡೋಣವಾ ಅಂತ ಕೇಳಿದಳು. ಬೇಡ ಅಂದೆ. ಡಯೋಡ್ ಲೇಸರ್ ಬೆಳಕು ಮೊದಲೇ ಒಂದು ದಿಕ್ಕಿಗೆ ಪೋಲರೈಸ್ ಆಗಿರುತ್ತದೆ. ಮೊದಲ ಹಾಳೆಯನ್ನು ಅದಕ್ಕೆ ಅಡ್ಡ ಇಟ್ಟರೆ ಅಲ್ಲೇ ಕತ್ತಲು, ಮತ್ತೆ ಹೊಸ ಪುರಾಣ. ರೇಣುಕಾಳ ಬಸ್ ಅಂತೂ ತಪ್ಪಿತ್ತು. ಅವಳನ್ನು ಮುಂದಿನದಕ್ಕೆ ಹತ್ತಿಸಲು ಬಸಣ್ಣ ತಾನೇ ಸ್ಟ್ಯಾಂಡಿಗೆ ಹೋದ.

ತೀನ್ ಕಂದೀಲ್ ಹತ್ತಿರ ಮಾವಿನಕಾಯಿ ತಗೊಂಡೆ. ರೇಟು ಕೇಳಬೇಡಿ. ನಾಳೆ ಮಹಾವೀರ ಜಯಂತಿ ರಜೆ, ಉಪ್ಪಿನಕಾಯಿ ಹಾಕಬೇಕು. ಅತ್ತೆ ಆಗಲೇ ಸಾಸಿವೆ ಒಣಗಿಸಿಟ್ಟಿದ್ದಾರೆ.

ಹೆಚ್ಚುತ್ತಾ ಕೂತಾಗ ಮಾಲಸ್ ನೆನಪಾದ. 1808ರಲ್ಲಿ ಪ್ಯಾರಿಸ್‌ನಲ್ಲಿ ಸಂಜೆಯ ಸೂರ್ಯ ಎದುರಿನ ಅರಮನೆಯ ಕಿಟಕಿ ಗಾಜಿನಲ್ಲಿ ಹೊಳೆಯುತ್ತಿದ್ದಾಗ, ಕ್ಯಾಲ್ಸೈಟ್ ಹರಳಿನಿಂದ ನೋಡಿದವನು. ಅವನ ಕೈಯಲ್ಲಿ ಮೀಟರ್ ಎಲ್ಲಿತ್ತು? ಕಣ್ಣೇ ಎಲ್ಲ. ನಮ್ಮ ಸಿಲಿಕಾನ್ ಕೊಟ್ಟಿದ್ದರೆ ಪಾಪ, ಏನು ಮಾಡುತ್ತಿದ್ದನೋ.

ಹಬಲ್ ದೂರದರ್ಶಕದ ಕತೆಯೂ ತಲೆಗೆ ಬಂತು. 1990ರಲ್ಲಿ ಹಾರಿಸಿದ ಮೇಲೆ ಚಿತ್ರಗಳು ಮಬ್ಬು. 2.4 ಮೀಟರ್ ಕನ್ನಡಿಯ ಅಂಚು ಸುಮಾರು 2.2 ಮೈಕ್ರಾನ್ ತಪ್ಪಾಗಿತ್ತು. ಕನ್ನಡಿ ಉಜ್ಜಿದವರು ತಮ್ಮ ಅಳತೆಗೆ ಕರಾರುವಾಕ್ಕಾಗಿಯೇ ಉಜ್ಜಿದ್ದರು, ಅಳೆಯುವ ಸಾಧನದೊಳಗಿನ ಒಂದು ಲೆನ್ಸ್ 1.3 ಮಿಲಿಮೀಟರ್ ಆಚೆ ಕೂತಿತ್ತು, ಅಷ್ಟೆ. ನನ್ನನ್ನು ಕಾಡುವುದು ಅದಲ್ಲ. ಬೇರೆ ಸಾಧನಗಳ ಪರೀಕ್ಷೆಯಲ್ಲಿ ದೋಷ ಆಗಲೇ ಕಾಣಿಸಿತ್ತು. ಅವು ಅಷ್ಟು ನಿಖರ ಅಲ್ಲ ಅಂತ ಪಕ್ಕಕ್ಕಿಟ್ಟರು. 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಮೇಲೆ ಹೋಗಿ ಸರಿಮಾಡಬೇಕಾಯಿತು.

ನಮ್ಮಲ್ಲಿ ಪಕ್ಕಕ್ಕಿಡುವ ಕಷ್ಟವೂ ಇಲ್ಲ. ಹೋದ ವರ್ಷದ ರೆಕಾರ್ಡ್ ನೋಡಿ ಇಳಿಸಿದರೆ ಮುಗಿಯಿತು. ಶುಕ್ರವಾರ ಇಡೀ ಬ್ಯಾಚಿನ ಪುಸ್ತಕ ನನ್ನ ಟೇಬಲ್ಲಿಗೆ ಬರುತ್ತವೆ. ಸಾಲು ಸಾಲು ಸೊನ್ನೆ, ಒಂದೇ ಒಂದು 150. ಹೊರಗಿನ ಪರೀಕ್ಷಕರು ಬಂದು ಮಾದರಿ ಉತ್ತರಕ್ಕೆ ತಾಳೆ ನೋಡಿದರೆ ಅಂಕ ಹೋಗುವುದು ಯಾರದ್ದು ಅಂತ ಹೇಳಬೇಕಾ? ಅವಳ ಪುಟದಲ್ಲಿ ನಾನೇ ಒಂದು ಷರಾ ಬರೆಯಬಹುದು. ಸೊನ್ನೆ ಬರೆದವರನ್ನು ಕರೆದು ಅದೇ ಬಲ್ಬ್ ಮುಂದೆ ಕೂರಿಸಬಹುದು, ಅಷ್ಟು ಸಮಯ ಎಲ್ಲಿದೆ ಅನ್ನೋದು ಬೇರೆ ಮಾತು.

ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಬಲ್ಬ್ ಅನ್ನೋದನ್ನು ಹೊಡೆದು ಹಾಕಿ ಎಲ್‌ಇಡಿ ಅಂತ ತಿದ್ದುವುದು ಸುಲಭ. ತಿದ್ದಿದರೆ ಮುಂದಿನ ವರ್ಷ ಎಲ್ಲರಿಗೂ ಸರಿಯಾದ ಗೆರೆ ಬರುತ್ತದೆ, ಇವತ್ತಿನಂಥ ಮಧ್ಯಾಹ್ನ ಯಾರಿಗೂ ಸಿಗುವುದಿಲ್ಲ. ಬಲ್ಬನ್ನೂ ಇಡೋಣ ಅಂದರೆ ಮತ್ತೆ ಸೊನ್ನೆ ಬರೆಯುವವರು ಬರೆದೇ ಬರೆಯುತ್ತಾರೆ. ಮೊದಲು ಬಲ್ಬ್ ಕೊಟ್ಟು, ರೀಡಿಂಗ್‌ಗೆ ನನ್ನೆದುರೇ ಸಹಿ ಹಾಕಿಸಿ, ಆಮೇಲೆ ಎಲ್‌ಇಡಿ ಕೊಟ್ಟರೆ? ಆದರೆ ಹಿಂದಿನ ಬ್ಯಾಚಿನವರು ಬಾಯಿ ಬಿಡದೆ ಇರ್ತಾರಾ, ಅದೂ ನಮ್ಮ ಹಾಸ್ಟೆಲ್‌ನಲ್ಲಿ?