ಬಾರ್ ಫೈಲ್ ಹೊತ್ತೊಯ್ಯುವುದು ಹೆಸರುಗಳನ್ನು ಮಾತ್ರ

2014ರಲ್ಲಿ ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ವಿಮಾ ಕಂಪನಿಯೊಂದಕ್ಕಾಗಿ ಬೇರೆ ಬೇರೆ ತಂತ್ರಾಂಶಗಳ ನಡುವೆ ಸಂದೇಶ ಸಾಗಿಸುವ ಐಬಿಎಂ ಇಂಟಿಗ್ರೇಷನ್ ಬಸ್ 9ರಲ್ಲಿ ಮೆಸೇಜ್ ಫ್ಲೋಗಳನ್ನು, ಅಂದರೆ ಸಂದೇಶ ಸಾಗುವ ದಾರಿಗಳನ್ನು, ಬರೆಯುವುದು ನಮ್ಮ ತಂಡದ ಪಾಲಿಗೆ ಬಂದಿತ್ತು. ಆಸ್ಪತ್ರೆಗಳಿಂದ ಬಂದ ಕ್ಲೇಮ್ ವಿವರವನ್ನು ಒಂದು ಕ್ಯೂನಿಂದ, ಅಂದರೆ ಸಂದೇಶಗಳು ಕಾಯುವ ಸಾಲಿನಿಂದ, ಎತ್ತಿಕೊಂಡು, ಪಾಲಿಸಿ ಸಂಖ್ಯೆಯನ್ನು ಡೇಟಾಬೇಸ್‌ನಲ್ಲಿ ಹುಡುಕಿ, ರೂಪ ಬದಲಿಸಿ ಇನ್ನೊಂದು ಕ್ಯೂಗೆ ಹಾಕುವ ಫ್ಲೋ ಒಂದನ್ನು ಬರೆಯಲು ನನಗೆ ಒಂಬತ್ತು ದಿನ ಹಿಡಿಯಿತು. ಲ್ಯಾಪ್‌ಟಾಪ್‌ನಲ್ಲಿ ಅದು ಚೆನ್ನಾಗಿ ಓಡುತ್ತಿತ್ತು. ಅದೇ ಫ್ಲೋವನ್ನು ಟೆಸ್ಟ್ ಸರ್ವರ್‌ನಲ್ಲಿ ಓಡಿಸಲು ಮತ್ತೆ ಆರು ದಿನ ಬೇಕಾಯಿತು, ಮತ್ತು ಆ ಆರು ದಿನಗಳಲ್ಲಿ ನಾನು ಕೋಡ್‌ನ ಒಂದು ಸಾಲನ್ನೂ ತಿದ್ದಬೇಕಾಗಿ ಬರಲಿಲ್ಲ. ಹಾಗಾದರೆ ಅಷ್ಟು ದಿನ ಮಾಡಿದ್ದೇನು ಎಂದು ನಮ್ಮ ಮ್ಯಾನೇಜರ್ ಕೇಳಿದಾಗ ನನ್ನಲ್ಲಿ ನೇರವಾದ ಉತ್ತರವಿರಲಿಲ್ಲ. ಈಗ ಇದೆ, ಆದ್ದರಿಂದ ಬರೆಯುತ್ತಿದ್ದೇನೆ.

ಈ ಕೆಲಸ ಮಾಡದವರಿಗಾಗಿ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಎಕ್ಲಿಪ್ಸ್ ಆಧಾರಿತ ಟೂಲ್‌ಕಿಟ್‌ನಲ್ಲಿ ಫ್ಲೋ ಬರೆಯುತ್ತೇವೆ. ಅದನ್ನು ಬಾರ್ ಫೈಲ್ ಎಂಬ ಒಂದು ಗಂಟಿನಲ್ಲಿ ಕಟ್ಟುತ್ತೇವೆ. ಒಳಗೆ ಫ್ಲೋಗಳ ಜೊತೆಗೆ, ಯಾವ ಕ್ಯೂ, ಯಾವ ಡೇಟಾಬೇಸ್ ಎಂದು ನಮೂದಿಸಿದ ಒಂದು ಎಕ್ಸ್‌ಎಂಎಲ್ ಫೈಲೂ ಇರುತ್ತದೆ. ಆ ಗಂಟನ್ನು ಇಂಟಿಗ್ರೇಷನ್ ಸರ್ವರ್‌ಗೆ ಕಳಿಸುವುದೇ ಡಿಪ್ಲಾಯ್. ಸಂದೇಶಗಳು ನಿಜವಾಗಿ ಕಾಯುತ್ತಿರುವ ಜಾಗ ಎಂಕ್ಯೂನ ಕ್ಯೂ ಮ್ಯಾನೇಜರ್. ಅದು ಬೇರೆಯೇ ಸಾಫ್ಟ್‌ವೇರ್, ಹೆಚ್ಚಿನ ಕಡೆ ಅದನ್ನು ನೋಡಿಕೊಳ್ಳುವವರೂ ಬೇರೆಯವರೇ.

ಮೊದಲ ಎರಡು ದಿನ ಗಂಟು ಸರ್ವರ್ ತಲುಪಲೇ ಇಲ್ಲ. ಆ ಆವೃತ್ತಿಯಲ್ಲಿ ಟೂಲ್‌ಕಿಟ್ ದೂರದ ಸರ್ವರನ್ನು ಮುಟ್ಟುತ್ತಿದ್ದುದು ಕ್ಯೂ ಮ್ಯಾನೇಜರ್ ಮೂಲಕವೇ, ಸಿಸ್ಟಮ್ ಡಾಟ್ ಬಿಕೆಆರ್ ಡಾಟ್ ಕಾನ್ಫಿಗ್ ಎಂಬ ಚಾನೆಲ್, ಅಂದರೆ ಹೊರಗಿನವರು ಒಳಬರುವ ದಾರಿ, ಹಿಡಿದು. ಹೋಸ್ಟ್ ಹೆಸರು, 1414 ಎಂಬ ಪೋರ್ಟ್ ಎಲ್ಲವನ್ನೂ ಕೊಟ್ಟು ಕನೆಕ್ಟ್ ಒತ್ತಿದರೆ 2035 ಎಂಬ ಸಂಖ್ಯೆ ಬರುತ್ತಿತ್ತು. ಅನುಮತಿ ಇಲ್ಲ ಎಂಬುದಷ್ಟೇ ಅದರ ಅರ್ಥ. ಯಾರಿಗೆ ಇಲ್ಲ, ಯಾಕೆ ಇಲ್ಲ ಎಂದು ಟೂಲ್‌ಕಿಟ್ ಹೇಳುವುದಿಲ್ಲ, ಏಕೆಂದರೆ ಬಾಗಿಲಲ್ಲಿ ನಿಂತ ಅಪರಿಚಿತನಿಗೆ ಒಳಗಿನ ಕಾರಣ ಹೇಳಬಾರದೆಂದು ಅದನ್ನು ಹಾಗೆಯೇ ಮಾಡಿದ್ದಾರೆ. ಇದು ಸರಿಯಾದ ವಿನ್ಯಾಸವೆಂದು ಇಂದು ಒಪ್ಪುತ್ತೇನೆ. ಅಂದು ಮಾತ್ರ ನಾನು ಅದೇ ಕಿಟಕಿಯನ್ನು ಮುಚ್ಚಿ ತೆರೆಯುತ್ತ, ಟೂಲ್‌ಕಿಟ್ ಮರುಸ್ಥಾಪಿಸುತ್ತ ಒಂದೂವರೆ ದಿನ ಕಳೆದೆ.

ಎಂಕ್ಯೂ ನೋಡಿಕೊಳ್ಳುತ್ತಿದ್ದ ಹಿರಿಯರು ಧಾರವಾಡದ ಕಡೆಯವರು. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ಅವರು ಸರ್ವರ್‌ನ ಲಾಗ್ ತೆರೆದು ತೋರಿಸಿದರು. ಅಲ್ಲಿ ಎಎಂಕ್ಯೂ 9777, ಚಾನೆಲ್ ತಡೆಯಲಾಗಿದೆ, ಎಂದು ನನ್ನ ಲ್ಯಾಪ್‌ಟಾಪ್‌ನ ವಿಳಾಸದ ಸಮೇತ ಬರೆದಿತ್ತು. 2011ರ 7.1ನೇ ಆವೃತ್ತಿಯಿಂದ ಎಂಕ್ಯೂನಲ್ಲಿ ಚಾನೆಲ್ ದೃಢೀಕರಣದ ನಿಯಮಗಳು ಬಂದವು. ಹೊಸದಾಗಿ ಕ್ಯೂ ಮ್ಯಾನೇಜರ್ ಮಾಡಿದರೆ, ಸಿಸ್ಟಮ್ ಎಂದು ಆರಂಭವಾಗುವ ಚಾನೆಲ್‌ಗಳನ್ನು, ಒಂದು ಅಪವಾದ ಬಿಟ್ಟು, ಹೊರಗಿನಿಂದ ಬರುವ ಎಲ್ಲರಿಗೂ ಮುಚ್ಚಿಟ್ಟೇ ಅದು ಹುಟ್ಟುತ್ತದೆ. ನಾವು ಹಿಡಿದಿದ್ದ ಚಾನೆಲ್‌ನ ಹೆಸರು ಸಿಸ್ಟಮ್ ಎಂದೇ ಆರಂಭವಾಗುತ್ತಿತ್ತು. ಆ ನಿಯಮಗಳನ್ನೇ ಒಂದು ಸಾಲಿನ ಆದೇಶದಿಂದ ಆರಿಸಿಬಿಡೋಣ ಎಂದು ನಮ್ಮಲ್ಲೊಬ್ಬರು ಸೂಚಿಸಿದರು. ಹಾಗೆ ಮಾಡಿದ್ದರೆ ಹತ್ತು ನಿಮಿಷದಲ್ಲಿ ನನ್ನ ಕೆಲಸ ಆಗುತ್ತಿತ್ತು, ಮತ್ತು ಆ ಕ್ಯೂ ಮ್ಯಾನೇಜರ್ ಆಫೀಸಿನ ಜಾಲದಲ್ಲಿದ್ದ ಯಾರಿಗಾದರೂ ತೆರೆದ ಮನೆಯಾಗುತ್ತಿತ್ತು. ಮೇಡಂ ಒಪ್ಪಲಿಲ್ಲ. ಬೇರೆ ಹೆಸರಿನ ಒಂದು ಚಾನೆಲ್ ಮಾಡಿ, ಡಿಪ್ಲಾಯ್‌ಗೆ ಬೇಕಾದಷ್ಟೇ ಅಧಿಕಾರವಿರುವ ಒಂದು ಖಾತೆಗೆ ಅದನ್ನು ಕಟ್ಟಿ, ನಮ್ಮ ಮಹಡಿಯ ಐಪಿ ವಿಳಾಸಗಳಿಗೆ ಮಾತ್ರ ತೆರೆದರು. ಟೂಲ್‌ಕಿಟ್‌ನ ಕನೆಕ್ಷನ್ ಕಿಟಕಿಯಲ್ಲಿ ಚಾನೆಲ್‌ನ ಹೆಸರು ಬದಲಿಸಲು ಜಾಗವಿದೆ ಎಂಬುದನ್ನು ನಾನು ಅಲ್ಲಿಯವರೆಗೆ ಗಮನಿಸಿರಲೇ ಇಲ್ಲ.

ಮೂರನೆಯ ದಿನ ಡಿಪ್ಲಾಯ್ ಆಯಿತು. ಯಶಸ್ವಿ ಎಂಬ ಸಂದೇಶ ಬಂತು, ಫ್ಲೋನ ಪಕ್ಕದಲ್ಲಿ ಓಡುತ್ತಿರುವ ಗುರುತೂ ಮೂಡಿತು. ಪರೀಕ್ಷಾ ತಂಡಕ್ಕೆ ಮೇಲ್ ಕಳಿಸಿ ನಾನು ಊಟಕ್ಕೆ ಹೋದೆ. ಬಂದು ನೋಡಿದರೆ ಅವರ ಮೂರು ಮೇಲ್‌ಗಳು: ಕ್ಲೇಮ್ ಹಾಕುತ್ತಿದ್ದೇವೆ, ಆಚೆ ಏನೂ ಬರುತ್ತಿಲ್ಲ.

ಆ ಮಧ್ಯಾಹ್ನ ಮೇಡಂ ಅವರ ಮೇಜಿನ ಬಳಿ ಕಂಡದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಟೂಲ್‌ಕಿಟ್‌ನಲ್ಲಿ ಎಲ್ಲವೂ ಸರಿ ಇದೆಯಲ್ಲ ಮೇಡಂ ಎಂದು ನಾನು ಲ್ಯಾಪ್‌ಟಾಪ್ ಮುಂದೆ ಹಿಡಿದೆ. ಅವರು ಅದರತ್ತ ನೋಡದೆ, “ನಿಮ್ಮ ಟೂಲ್‌ಕಿಟ್ ಏನ್ ಹೇಳ್ತದ ಅನ್ನೋದು ಬಿಡ್ರಿ. ಕ್ಯೂ ಏನ್ ಹೇಳ್ತದ ನೋಡೂಣು” ಎಂದು ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದರು. ಕ್ಯೂನಲ್ಲಿ ಎಷ್ಟು ಸಂದೇಶಗಳಿವೆ, ಅದನ್ನು ಓದಲು ಎಷ್ಟು ಕಡೆಯಿಂದ ತೆರೆಯಲಾಗಿದೆ ಎಂಬ ಎರಡು ಸಂಖ್ಯೆಗಳನ್ನು ಕೇಳುವ ಸಾಲು ಅದು. ಮೊದಲನೆಯದು 43 ಎಂದಿತ್ತು. ಐಪಿಪ್ರಾಕ್ಸ್ ಎಂದು ಕರೆಯುವ ಎರಡನೆಯದು ಸೊನ್ನೆ. ಅಂದರೆ ನಲವತ್ತಮೂರು ಕ್ಲೇಮ್‌ಗಳು ಸಾಲಿನಲ್ಲಿ ನಿಂತಿವೆ, ಕೌಂಟರ್‌ನಲ್ಲಿ ಯಾರೂ ಕುಳಿತಿಲ್ಲ. ನನ್ನ ಫ್ಲೋ ಓಡುತ್ತಿರುವುದು ನಿಜವಾಗಿದ್ದರೆ ಅದು ಈ ಕ್ಯೂನ ಮುಂದೆ ಓಡುತ್ತಿರಲಿಲ್ಲ.

ಸರ್ವರ್‌ನ ಸಿಸ್ಟಮ್ ಲಾಗ್ ನೋಡಬೇಕಿತ್ತು. ಲಿನಕ್ಸ್‌ನಲ್ಲಿ ಇಂಟಿಗ್ರೇಷನ್ ಬಸ್ ತನ್ನ ದೂರುಗಳನ್ನು ಸಿಸ್‌ಲಾಗ್‌ಗೆ ಬರೆಯುತ್ತದೆ. ನಮ್ಮ ಸರ್ವರ್‌ನಲ್ಲಿ ಅದು ಹೋಗಿ ಬೀಳುತ್ತಿದ್ದ ಫೈಲನ್ನು ರೂಟ್ ಖಾತೆಯವರು ಮಾತ್ರ ಓದಬಹುದಿತ್ತು. ಡೆವಲಪರ್‌ಗೆ ಅಗತ್ಯವಾದ ಏಕೈಕ ಲಾಗ್ ಡೆವಲಪರ್‌ಗೆ ಕಾಣದಂತಿರುವ ಈ ವ್ಯವಸ್ಥೆಯನ್ನು ಆಮೇಲೆ ಎಷ್ಟೋ ಕಡೆ ಕಂಡಿದ್ದೇನೆ. ಸಿಸ್‌ಲಾಗ್‌ನ ಸಂರಚನೆಯಲ್ಲಿ ಒಂದು ಸಾಲು ಸೇರಿಸಿ ಆ ಸಂದೇಶಗಳನ್ನು ಪ್ರತ್ಯೇಕ ಫೈಲ್‌ಗೆ ಹೊರಳಿಸಿದರೆ ಸಾಕು. ಇಂದು ಹೊಸ ಸರ್ವರ್ ಸಿಕ್ಕರೆ ನಾನು ಮೊದಲು ಕೇಳುವುದೇ ಅದನ್ನು. ಸರ್ವರ್ ತಂಡದವರು ಸಂಜೆ ನಕಲು ಮಾಡಿಕೊಟ್ಟ ಲಾಗ್‌ನಲ್ಲಿ 2085 ಎಂಬ ಸಂಖ್ಯೆ ಮತ್ತೆ ಮತ್ತೆ ಬಂದಿತ್ತು. ಆ ಹೆಸರಿನ ಕ್ಯೂ ಇಲ್ಲ ಎಂದು ಅದರ ಅರ್ಥ.

ಕ್ಯೂ ಕಣ್ಣೆದುರಿಗೇ ಇತ್ತು. ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿದಾಗ ಗೊತ್ತಾಯಿತು: ವಿನ್ಯಾಸದ ಕಡತದಲ್ಲಿ ಹೆಸರಿನ ಪ್ರತಿ ಪದದ ಮೊದಲ ಇಂಗ್ಲಿಷ್ ಅಕ್ಷರ ದೊಡ್ಡದು, ಉಳಿದವು ಚಿಕ್ಕವು, ಸರ್ವರ್‌ನಲ್ಲಿದ್ದದ್ದು ಎಲ್ಲವೂ ದೊಡ್ಡಕ್ಷರ. ಎಂಕ್ಯೂಗೆ ಇವೆರಡೂ ಬೇರೆ ಬೇರೆ ಹೆಸರುಗಳು. ಆದರೆ ಸರ್ವರ್‌ನಲ್ಲಿ ಕ್ಯೂ ಮಾಡಿದ ಸ್ಕ್ರಿಪ್ಟ್ ತೆರೆದು ನೋಡಿದರೆ ಅಲ್ಲಿಯೂ ಕಡತದಲ್ಲಿದ್ದಂತೆಯೇ ಬರೆದಿತ್ತು! ಎಂಕ್ಯೂನ ಆದೇಶ ಭಾಷೆಯಲ್ಲಿ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ ಅದು ಅಷ್ಟನ್ನೂ ದೊಡ್ಡಕ್ಷರಕ್ಕೆ ತಿರುಗಿಸಿಕೊಂಡುಬಿಡುತ್ತದೆ, ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಕ್ಯೂ ಮಾಡಿದ್ದು ಎಂಕ್ಯೂ ಎಕ್ಸ್‌ಪ್ಲೋರರ್ ಎಂಬ ಚಿತ್ರಮಯ ಕಿಟಕಿಯಲ್ಲಿ. ಅದು ನಾನು ಟೈಪ್ ಮಾಡಿದಂತೆಯೇ ಉಳಿಸಿಕೊಂಡಿತ್ತು. ಕ್ಲೇಮ್ ಕಳಿಸುವ ತಂಡದವರು ಸರ್ವರ್‌ನಲ್ಲಿ ಕಂಡ ಹೆಸರನ್ನೇ ನಕಲಿಸಿಕೊಂಡಿದ್ದರಿಂದ ಅವರ ಸಂದೇಶಗಳು ಕ್ಯೂ ಸೇರುತ್ತಿದ್ದವು. ಯಾರೂ ತಪ್ಪು ಮಾಡಿರಲಿಲ್ಲ, ಆದರೂ ನನ್ನ ಫ್ಲೋ ಇಲ್ಲದ ಒಂದು ಕ್ಯೂನ ಬಾಗಿಲನ್ನು ಆಗಾಗ ತಟ್ಟುತ್ತ ನಿಂತಿತ್ತು.

ಇಲ್ಲಿ ನನಗೆ ಮೊದಲ ಬಾರಿಗೆ ಹೊಳೆದ ವಿಷಯವೇ ಈ ಬರಹದ ತಲೆಬರಹ. ಬಾರ್ ಫೈಲ್‌ನೊಳಗೆ ಕ್ಯೂ ಇರುವುದಿಲ್ಲ, ಕ್ಯೂನ ಹೆಸರಿರುತ್ತದೆ. ಡೇಟಾಬೇಸ್ ಇರುವುದಿಲ್ಲ, ಡೇಟಾ ಸೋರ್ಸ್‌ನ, ಅಂದರೆ ಆ ಡೇಟಾಬೇಸ್‌ಗೆ ಹೋಗುವ ಸಂಪರ್ಕದ, ಹೆಸರಿರುತ್ತದೆ. ಆ ಹೆಸರಿನವರು ಆ ಊರಿನಲ್ಲಿ ಇದ್ದಾರೆಯೇ ಎಂದು ಡಿಪ್ಲಾಯ್ ವಿಚಾರಿಸುವುದಿಲ್ಲ. ಕಾಗದ ಅಂಚೆ ಕಚೇರಿ ತಲುಪಿತು ಎಂಬಷ್ಟಕ್ಕೇ ಅದು ಯಶಸ್ವಿ ಎನ್ನುತ್ತದೆ.

ಹೊಳೆಯಿತು ಎಂದೆನಲ್ಲ, ಅದು ಪೂರ್ತಿ ಹೊಳೆದಿರಲಿಲ್ಲ ಎಂಬುದಕ್ಕೆ ಮರುದಿನವೇ ಸಾಕ್ಷಿ ಸಿಕ್ಕಿತು. ಫ್ಲೋ ತೆರೆದು ಕ್ಯೂನ ಹೆಸರನ್ನು ದೊಡ್ಡಕ್ಷರಕ್ಕೆ ಬದಲಿಸಿ, ಬಾರ್ ಫೈಲ್ ಮತ್ತೆ ಕಟ್ಟಿ, ಡಿಪ್ಲಾಯ್ ಮಾಡಿದೆ. ಮತ್ತೆ 2085. ಹಳೆಯ ಫೈಲೇ ಸರ್ವರ್‌ನಲ್ಲಿ ಉಳಿದಿರಬಹುದೆಂದು ಎಂಕ್ಯೂಎಸ್‌ಐಲಿಸ್ಟ್ ಆದೇಶವನ್ನು ವಿವರದ ಮಟ್ಟ ಹೆಚ್ಚಿಸಿ ಓಡಿಸಿದೆ. ಅದು ಯಾವ ಬಾರ್ ಫೈಲ್‌ನಿಂದ, ಎಷ್ಟು ಹೊತ್ತಿಗೆ ಡಿಪ್ಲಾಯ್ ಆಗಿದೆ ಎಂದು ತೋರಿಸುತ್ತದೆ. ಹತ್ತು ನಿಮಿಷದ ಹಿಂದಿನ ಸಮಯವಿತ್ತು. ಫೈಲ್ ಹೊಸದು, ಹೆಸರು ಹಳೆಯದು. ಕೊನೆಗೆ ಎಂಕ್ಯೂಎಸ್‌ಐರೀಡ್‌ಬಾರ್ ಎಂಬ ಆದೇಶದಿಂದ ಗಂಟನ್ನೇ ಬಿಚ್ಚಿ ಓದಿದಾಗ ಒಳಗೆ ಹಳೆಯ ಹೆಸರು ಹಾಗೆಯೇ ಕುಳಿತಿತ್ತು. ಹಿಂದಿನ ವಾರ ಸಹೋದ್ಯೋಗಿಯೊಬ್ಬರು ಬಾರ್ ಎಡಿಟರ್‌ನಲ್ಲಿ ಆ ಕ್ಯೂನ ಹೆಸರನ್ನು ಕಡತದಿಂದ ನೋಡಿ ತುಂಬಿದ್ದರು. ಹಾಗೆ ಬಾರ್ ಫೈಲ್‌ನಲ್ಲಿ ತುಂಬಿದ ಬೆಲೆ ಫ್ಲೋನಲ್ಲಿರುವ ಬೆಲೆಗಿಂತ ಮೇಲು, ಮತ್ತು ಮರುಕಟ್ಟುವಾಗಲೂ ಅದು ಉಳಿಯುತ್ತದೆ. ಅಳಿಸಬೇಕೆಂದಿದ್ದರೆ ಓವರ್‌ರೈಡ್ ಎಂಬ ಒಂದು ಪುಟ್ಟ ಚೌಕಕ್ಕೆ ಗುರುತು ಹಾಕಬೇಕು. ಲ್ಯಾಪ್‌ಟಾಪ್‌ನಲ್ಲಿ ನಾನು ಫ್ಲೋವನ್ನು ಮೌಸ್‌ನಿಂದ ಎಳೆದು ಸರ್ವರ್‌ನ ಮೇಲೆ ಬಿಡುತ್ತಿದ್ದೆ. ಹಾಗೆ ಮಾಡಿದಾಗ ಟೂಲ್‌ಕಿಟ್ ತಾನೇ ಬೇರೊಂದು ಬಾರ್ ಫೈಲ್ ಕಟ್ಟಿ ಕಳಿಸುತ್ತದೆ, ಅದರಲ್ಲಿ ಸಹೋದ್ಯೋಗಿ ತುಂಬಿದ ಬೆಲೆ ಇರುವುದಿಲ್ಲ. ಆದ್ದರಿಂದ ನಾನು ಪರೀಕ್ಷಿಸುತ್ತಿದ್ದ ಗಂಟು ಒಂದು, ಸರ್ವರ್‌ಗೆ ಕಳಿಸುತ್ತಿದ್ದ ಗಂಟು ಇನ್ನೊಂದು. ಎಳೆದು ಬಿಡುವ ಆ ಸೌಲಭ್ಯವನ್ನು ಅಂದಿನಿಂದ ನಾನು ಬಳಸಿಲ್ಲ, ಜೊತೆಗಿದ್ದವರಿಗೂ ಬಿಡಿಸಿದ್ದೇನೆ. ಇದು ಸ್ವಲ್ಪ ಹಟವೆಂದು ಗೊತ್ತಿದ್ದರೂ ಹಟ ಬಿಡುವ ಮನಸ್ಸಿಲ್ಲ.

ಐದನೆಯ ದಿನ ಬೆಳಿಗ್ಗೆ ಐಪಿಪ್ರಾಕ್ಸ್ ಒಂದಕ್ಕೆ ಏರಿತು. ನಲವತ್ತಮೂರು ಸಂದೇಶಗಳೂ ಕ್ಷಣದಲ್ಲಿ ಖಾಲಿಯಾದವು. ಆಚೆಯ ಕ್ಯೂನಲ್ಲಿ ಒಂದೂ ಇರಲಿಲ್ಲ.

ಈ ಸಲ ನಾನು ಟೂಲ್‌ಕಿಟ್ ತೆರೆಯಲಿಲ್ಲ. ತಲುಪಿಸಲಾಗದ ಸಂದೇಶಗಳು ಹೋಗಿ ಬೀಳುವ ಡೆಡ್ ಲೆಟರ್ ಕ್ಯೂನಲ್ಲಿ ಎಷ್ಟಿವೆ ಎಂದು ಮೇಡಂ ಅವರನ್ನು ಕೇಳಿದೆ, 43 ಎಂದರು. ಫ್ಲೋನೊಳಗೆ ಎಲ್ಲಿಯಾದರೂ ಎಡವಿದರೆ ಸಂದೇಶ ಹಿಂದಿರುಗಿ ಮೂಲ ಕ್ಯೂಗೆ ಬರುತ್ತದೆ, ಕ್ಯೂನಲ್ಲಿ ಎಷ್ಟು ಸಲ ಹಿಂದಿರುಗಬಹುದೆಂಬ ಬ್ಯಾಕ್‌ಔಟ್ ಮಿತಿ ಸೊನ್ನೆ ಎಂದಿದ್ದರೆ ಇಂಟಿಗ್ರೇಷನ್ ಬಸ್ ಅದನ್ನು ಒಂದು ಎಂದು ಓದಿಕೊಳ್ಳುತ್ತದೆ, ಮಿತಿ ಮುಟ್ಟಿದವನ್ನು ಇಡಲು ಬ್ಯಾಕ್‌ಔಟ್ ಕ್ಯೂ ಹೆಸರಿಸದಿದ್ದರೆ ಸಂದೇಶವನ್ನು ಡೆಡ್ ಲೆಟರ್ ಕ್ಯೂಗೆ ಸಾಗಹಾಕುತ್ತದೆ. ನಾವು ಎರಡನ್ನೂ ಹೊಂದಿಸಿರಲಿಲ್ಲ, ಎಡವಿದ ಸಂದೇಶ ಹೊರಬರುವ ಫ್ಲೋನ ಫೇಲ್ಯೂರ್ ಮತ್ತು ಕ್ಯಾಚ್ ಕೊನೆಗಳಿಗೂ ಏನನ್ನೂ ಜೋಡಿಸಿರಲಿಲ್ಲ. ಎಡವಿದ್ದು ಎಲ್ಲಿ ಎಂಬುದನ್ನು ಸಿಸ್‌ಲಾಗ್ ಹೇಳಿತು: ಐಎಂ002, ಆ ಹೆಸರಿನ ಡೇಟಾ ಸೋರ್ಸ್ ಇಲ್ಲ. ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಅದಕ್ಕೆ ನಾನಿಟ್ಟ ಹೆಸರು ಒಂದು, ಡೇಟಾಬೇಸ್ ಸಂಪರ್ಕಗಳನ್ನು ಬರೆದಿಡುವ ಸರ್ವರ್‌ನ ಓಡಿಬಿಸಿ ಫೈಲ್‌ನಲ್ಲಿ ಡೇಟಾಬೇಸ್ ತಂಡದವರು ತಮ್ಮ ಪದ್ಧತಿಯಂತೆ ಇಟ್ಟಿದ್ದ ಹೆಸರು ಇನ್ನೊಂದು. ಜೊತೆಗೆ ಆ ಡೇಟಾ ಸೋರ್ಸ್‌ಗೆ ಯಾವ ಬಳಕೆದಾರನಾಗಿ ಹೋಗಬೇಕು ಎಂಬುದನ್ನು ಸರ್ವರ್‌ನಲ್ಲಿಯೇ ಎಂಕ್ಯೂಎಸ್‌ಐಸೆಟ್‌ಡಿಬಿಪಾರ್ಮ್ಸ್ ಆದೇಶದಿಂದ ಹೇಳಿಕೊಡಬೇಕು. ಗುಪ್ತಪದ ಬಾರ್ ಫೈಲ್‌ನಲ್ಲಿ ಪ್ರಯಾಣ ಮಾಡುವುದಿಲ್ಲ, ಮಾಡಲೂಬಾರದು. ಅದನ್ನು ಹೇಳಿಕೊಟ್ಟು, ಇಂಟಿಗ್ರೇಷನ್ ಸರ್ವರನ್ನು ನಡೆಸುವ ಇಂಟಿಗ್ರೇಷನ್ ನೋಡ್ ನಿಲ್ಲಿಸಿ ಮತ್ತೆ ಆರಂಭಿಸಿ, ಎಂಕ್ಯೂಎಸ್‌ಐಸಿವಿಪಿ ಎಂಬ ಆದೇಶದಿಂದ ಸಂಪರ್ಕವನ್ನು ಫ್ಲೋನ ಹಂಗಿಲ್ಲದೆ ಪರೀಕ್ಷಿಸಿ ನೋಡಿದೆವು.

ಹೆಸರುಗಳನ್ನು ಫ್ಲೋನಲ್ಲಿ ತಿದ್ದುವುದನ್ನು ಅಲ್ಲಿಗೆ ನಿಲ್ಲಿಸಿದೆ. ಲ್ಯಾಪ್‌ಟಾಪ್‌ಗೆ ಒಂದು, ಟೆಸ್ಟ್ ಸರ್ವರ್‌ಗೆ ಒಂದು ಎಂದು ಹೆಸರುಗಳ ಪುಟ್ಟ ಪ್ರಾಪರ್ಟಿ ಫೈಲ್‌ಗಳನ್ನು ಬರೆದು, ಒಂದೇ ಬಾರ್ ಫೈಲ್‌ನ ಮೇಲೆ ಎಂಕ್ಯೂಎಸ್‌ಐಅಪ್ಲೈಬಾರ್‌ಓವರ್‌ರೈಡ್ ಓಡಿಸಿ ಆಯಾ ಊರಿನ ಹೆಸರುಗಳನ್ನು ತುಂಬುವ ರೂಢಿ ಮಾಡಿದೆವು. ಡಿಪ್ಲಾಯ್ ಮಾಡುವ ಮುನ್ನ ಆ ಫೈಲ್‌ನ ಪ್ರತಿಯೊಂದು ಹೆಸರನ್ನೂ ಸರ್ವರ್‌ನಲ್ಲಿ ಇದೆಯೇ ಎಂದು ವಿಚಾರಿಸುವ ಇಪ್ಪತ್ತು ಸಾಲಿನ ಶೆಲ್ ಸ್ಕ್ರಿಪ್ಟ್ ಒಂದನ್ನೂ ಬರೆದೆ. ಮುಂದೆ 2015ರ 10ನೇ ಆವೃತ್ತಿಯಲ್ಲಿ ಟೂಲ್‌ಕಿಟ್ ಕ್ಯೂ ಮ್ಯಾನೇಜರನ್ನು ಬಿಟ್ಟು 4414 ಎಂಬ ವೆಬ್ ಪೋರ್ಟ್ ಮೂಲಕ ಸರ್ವರ್ ಮುಟ್ಟತೊಡಗಿತು, 2018ರಲ್ಲಿ ಆಪ್ ಕನೆಕ್ಟ್ ಎಂಬ ಹೊಸ ಹೆಸರೂ ಬಂತು. ನನ್ನ ಮೊದಲ ಎರಡು ದಿನದ ಕಷ್ಟ ಆ ರೂಪದಲ್ಲಿ ಈಗ ಯಾರಿಗೂ ಬರುವುದಿಲ್ಲ. ಉಳಿದ ನಾಲ್ಕು ದಿನದ್ದು ಈಗಲೂ ಬರುತ್ತದೆ, ಮತ್ತು ಆ ಸ್ಕ್ರಿಪ್ಟ್ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಈಗಿನ ಕೆಲಸದಲ್ಲಿಯೂ ನನ್ನ ಜೊತೆಗಿದೆ.

ಆರನೆಯ ದಿನ ಉಳಿದದ್ದು ಆ ನಲವತ್ತಮೂರು ಕ್ಲೇಮ್‌ಗಳು. ಡೆಡ್ ಲೆಟರ್ ಕ್ಯೂಗೆ ಹೋದ ಸಂದೇಶದ ತಲೆಗೆ ಒಂದು ಹೆಚ್ಚುವರಿ ಹೆಡರ್ ಅಂಟಿಕೊಂಡಿರುತ್ತದೆ; ಅದನ್ನು ಕಳಚದೆ ಹಿಂದಕ್ಕೆ ಹಾಕಿದರೆ ಆಚೆಯ ಕ್ಲೇಮ್ ತಂತ್ರಾಂಶದವರೆಗೂ ಅದು ಹೋಗಿ ಅಲ್ಲಿ ಹೊಸ ತಕರಾರು ಎಬ್ಬಿಸುತ್ತಿತ್ತು. ಮೇಡಂ ಹೆಡರ್ ತೆಗೆದು ಮೂಲ ಕ್ಯೂಗೆ ಮರಳಿಸುವ ಒಂದು ಸಾಲಿನ ನಿಯಮ ಬರೆದು, ಓಡಿಸುವ ಮೊದಲು ನನ್ನ ಕಡೆ ಪರದೆ ತಿರುಗಿಸಿದರು. ನಾನು ಕ್ಯೂನ ಹೆಸರನ್ನು ಒಂದೊಂದೇ ಅಕ್ಷರ ಓದಿದೆ, ಉದ್ಧರಣ ಚಿಹ್ನೆ ಇದೆಯೇ ಎಂದು ನೋಡಿದೆ, ಆಮೇಲೆ ಹ್ಞೂಂ ಎಂದೆ. ಆಚೆಯ ಕ್ಯೂನಲ್ಲಿ 41 ಬಂದವು. ಎರಡು ಮತ್ತೆ ಡೆಡ್ ಲೆಟರ್‌ಗೇ ಹೋದವು. ತೆಗೆದು ನೋಡಿದರೆ ಪಾಲಿಸಿ ಸಂಖ್ಯೆಯ ಜಾಗದಲ್ಲಿ ಟೆಸ್ಟ್ ಎಂದು ಬರೆದು ಮೂರನೆಯ ದಿನ ಊಟಕ್ಕೆ ಹೋಗುವ ಮೊದಲು ನಾನೇ ಹಾಕಿದ್ದ ಸಂದೇಶಗಳು.