ಆಲ್ಫಾ ವನ್ ಕೊನೆಗೂ ನ್ಯೂಟ್ರಲ್‌ಗೆ ಬಂದಿತು

ಆಲ್ಫಾ ವನ್ ಎಂದರೆ ನನ್ನ ದೋಣಿಯ ಹಿಂಬದಿಯ ಮರ್‌ಕ್ರೂಸರ್ ಡ್ರೈವ್: ಒಳಗಿನ ಎಂಜಿನ್ನಿನ ಶಕ್ತಿಯನ್ನು ಪ್ರೊಪೆಲ್ಲರಿಗೆ ಮುಟ್ಟಿಸುವ ಗೇರಿನ ಭಾಗ. ನಿನ್ನೆ ಸಂಜೆ ಹಂಗಾರಕಟ್ಟೆಯ ಎದುರು ಮೂವತ್ತು ಸಲ ಗೇರ್ ಹಾಕಿ ತೆಗೆದೆ. ಒಮ್ಮೆಯೂ ಎಂಜಿನ್ ನಿಲ್ಲಲಿಲ್ಲ.

ತೊಂದರೆ ಶುರುವಾದದ್ದು ಮಳೆಗಾಲಕ್ಕೆ ಮೊದಲು. ಫಾರ್ವರ್ಡ್‌ನಿಂದ ನ್ಯೂಟ್ರಲ್‌ಗೆ ತಂದರೆ ಎಂಜಿನ್ ಅಲ್ಲಿಯೇ ಬಂದ್. ಇಳಿತದ ಹೊತ್ತಿನಲ್ಲಿ, ಕೋಡಿಬೆಂಗ್ರೆಗೆ ಬಾರ್ಜು ದಾಟುವ ದಾರಿಯಲ್ಲಿ ಹೀಗಾದರೆ ದೋಣಿ ಸೀದಾ ಅಳಿವೆ ಬಾಗಿಲಿನತ್ತ ಹೋಗುತ್ತದೆ. ಲಂಗರು ಇಳಿಸಿ ಬಚಾವಾದೆವು.

ನೋಡಿದವರೆಲ್ಲ ಕಾರ್ಬುರೇಟರ್ ಎಂದರು. ಅಲ್ಲ. ಆಲ್ಫಾದಲ್ಲಿ ಗೇರ್ ಹಿಡಿಯುವ ಡಾಗ್ ಕ್ಲಚ್‌ನ ಹಲ್ಲುಗಳು ಭಾರ ಬಿದ್ದಾಗ ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಅವನ್ನು ಬಿಡಿಸಲು ಶಿಫ್ಟ್ ಪ್ಲೇಟಿನ (ಗೇರ್ ಕೇಬಲ್‌ಗಳು ಸೇರುವ ತಗಡು) ಸ್ವಿಚ್ ಕ್ಷಣ ಮಾತ್ರ ಕಿಡಿಯನ್ನು ತಡೆಯುತ್ತದೆ. ಕೇಬಲ್ ಬಿಗಿಯಾಗಿದ್ದರೆ ಆ ಸ್ವಿಚ್‌ನ ಲಿವರ್ ಒತ್ತಿಕೊಂಡೇ ಉಳಿಯುತ್ತದೆ, ಕಿಡಿ ಮರಳಿ ಬರುವುದಿಲ್ಲ. ಸ್ವಿಚ್‌ನ ವೈರ್ ಕಿತ್ತುಬಿಡಿ ಎಂದು ಒಬ್ಬರು ಹೇಳಿದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಎಂಜಿನ್ ನಿಲ್ಲುವುದಿಲ್ಲ ನಿಜ, ಆದರೆ ದೋಣಿ ಗೇರಿನಿಂದ ಹೊರಗೆ ಬರುವುದೂ ಇಲ್ಲ, ಜೆಟ್ಟಿಗೆ ಹೊಡೆಯುತ್ತದೆ.

ಶಿಫ್ಟ್ ಪ್ಲೇಟಿನಲ್ಲಿ ಎರಡು ಕೇಬಲ್‌ಗಳನ್ನೂ ಬಿಡಿಸಿ ನೋಡಿದೆ. ಚಾಲಕನ ಕಡೆಯದು ಬೆಣ್ಣೆಯಂತೆ ಜಾರಿತು. ಡ್ರೈವ್‌ಗೆ ಹೋಗುವ ಕೆಳಗಿನ ಕೇಬಲ್ ಎರಡು ಕೈಯಲ್ಲಿ ಎಳೆದರೂ ಗರಗರ ಎನ್ನುತ್ತಿತ್ತು. ಅದರ ಬೆಲ್ಲೋಸ್ (ನೀರು ತಡೆಯುವ ರಬ್ಬರ್ ತೋಳು) ಸೀಳಿ ಉಪ್ಪುನೀರು ಒಳಗೆ ನುಗ್ಗಿತ್ತು.

ಹೊಸ ಕೇಬಲ್‌ನ ಪಾರ್ಸೆಲ್‌ಗೆ ಹತ್ತೊಂಬತ್ತು ದಿನ ಕಾದೆ. ತೆರೆದರೆ ಬ್ರಾವೋದ ಕೇಬಲ್, ಅದೇ ಕಂಪನಿಯ ಬೇರೆ ಡ್ರೈವಿನದು! ಆಲ್ಫಾ ಎಂದು ಮೂರು ಕಡೆ ಬರೆದಿದ್ದೆ, ಫೋಟೋ ಕಳಿಸಿದ್ದೆ. ಬ್ರಾವೋದಲ್ಲಿರುವುದು ಹಲ್ಲಿಲ್ಲದ ಕೋನ್ ಕ್ಲಚ್. ಅದಕ್ಕೆ ಈ ಸ್ವಿಚ್ಚೇ ಬೇಡ. ದೋಣಿಯ ಬಿಡಿಭಾಗ ಮಾರುವವನಿಗೆ ಇಷ್ಟಾದರೂ ಗೊತ್ತಿರಬೇಡವೇ? ಮರಳಿಸುವ ಖರ್ಚೂ ನನ್ನ ತಲೆಗೇ ಬಂತು.

ಸರಿಯಾದದ್ದು ಬಂದ ಮೇಲೆ ಗೇರ್ ಲಿವರನ್ನು ಫಾರ್ವರ್ಡ್‌ನಲ್ಲಿಟ್ಟು ಡ್ರೈವ್ ಬಿಚ್ಚಿ ಇಳಿಸಿದೆ, ಕೇಬಲ್ ಹಾಕಿದೆ, ಕೇಬಲ್ ತುದಿಯ ಆರು ಇಂಚಿನ ಅಳತೆ ಹೊಂದಿಸಿದೆ. ನೀರಿಗಿಳಿಸಿದರೆ ಮತ್ತೆ ಅದೇ ರೋಗ. ಆ ರಾತ್ರಿ ಊಟ ಸೇರಲಿಲ್ಲ.

ಮಲ್ಪೆಯ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ರಿಪೇರಿಯೆಲ್ಲ ಅದೇ ಅವಧಿಯಲ್ಲಿ ನಡೆಯುತ್ತದೆ. ಅವರಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಆದರೂ ಕೇಳಿದರು: “ಕೇಬಲ್ ಎಳೆಯುವುದು ಯಾವುದನ್ನು? ಅದನ್ನು ತಿರುಗಿಸಿ ನೋಡಿದಿರಾ?”

ನೋಡಿರಲಿಲ್ಲ. ಮತ್ತೆ ಡ್ರೈವ್ ಇಳಿಸಿದೆ. ಕೇಬಲ್ ಎಳೆಯುವುದು ಬೆಲ್ ಹೌಸಿಂಗಿನ (ಡ್ರೈವ್ ಕೂರುವ ಲೋಹದ ಕವಚ) ಶಿಫ್ಟ್ ಶಾಫ್ಟನ್ನು. ಅದು ಬೆರಳಿಗೆ ತಿರುಗಬೇಕು. ನನ್ನದಕ್ಕೆ ಇಕ್ಕಳ ಬೇಕಾಯಿತು. ಶಾಫ್ಟ್ ತಿರುಗುವ ಬುಶ್‌ನೊಳಗೆ ಉಪ್ಪು ಸುಣ್ಣದ ಹಾಗೆ ಕಟ್ಟಿತ್ತು. ಬುಶ್ ಬದಲಿಸಿ, ಶಾಫ್ಟ್ ಉಜ್ಜಿ, ಮೆರೈನ್ ಗ್ರೀಸ್ ತುಂಬಿದೆ. ಹೊಸ ಕೇಬಲ್ ಹಾಕುವವರು ಈ ಶಾಫ್ಟನ್ನು ಮೊದಲು ತಿರುಗಿಸಿ ನೋಡಿ. ಎರಡನೆಯ ಸಲ ಡ್ರೈವ್ ಇಳಿಸುವ ಕೆಲಸ ತಪ್ಪುತ್ತದೆ.

ಈಗ ಮನಸ್ಸೆಲ್ಲ ಅಜ್ಜನ ಪಾತಿ ದೋಣಿಯ ಮೇಲೆ. ತೆಂಗಿನ ತೋಟದ ಮೂಲೆಯಲ್ಲಿ ಕವುಚಿ ಬಿದ್ದಿದೆ. ಗೇರುಬೀಜದ ಸಿಪ್ಪೆಯ ಎಣ್ಣೆ ಎರಡು ಕೈ ಬಳಿದು, ಸಣ್ಣ ಬ್ಯಾಟರಿ ಮೋಟಾರ್ ಕೂರಿಸಬೇಕೆಂದಿದ್ದೇನೆ. ಎಣ್ಣೆ ಆಗಲೇ ತಂದಾಗಿದೆ. ಎರಡು ದಿನ ಬಿಸಿಲು ಬಂದರೆ ಸಾಕು.